ಟವೆಲ್ ಬಿದ್ದ ಚಿತ್ರ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಬರೆದ ಅಮೂರ್ತ ಚಿತ್ರವೊಂದು ನನ್ನ ಜೊತೆಗೇ ಮನೆಗೆ ಮರಳುತ್ತಿದೆ. ದೊಡ್ಡ ಕ್ಯಾನ್ವಾಸಿನ ತುಂಬ ಕೆಂಪು, ನಡುವೆ ಒಂದೇ ಕಪ್ಪು ಬಿರುಕು. "ಸಮಕಾಲೀನ ಕಲೆಯಲ್ಲಿ ಇದಕ್ಕೆ ಜಾಗವಿಲ್ಲ" ಎಂದರು ಹೈದರಾಬಾದಿನ ಗ್ಯಾಲರಿಯವರು. ಅವರ ಗೋಡೆಯೇನೋ ಪೂರ್ತಿ ಖಾಲಿಯಿತ್ತು.

ನಿಲ್ದಾಣದಲ್ಲಿ ಚಿತ್ರವನ್ನು ಕಿಟಕಿ ಪಕ್ಕದ ಸೀಟಿಗೆ ಒರಗಿಸಿದ್ದೆನಷ್ಟೆ, ಹೊರಗಿನಿಂದ ಟವೆಲೊಂದು ಹಾರಿ ಬಂದು ಅದರ ಮೇಲೆ ಬಿತ್ತು. ಹಿಂದೆಯೇ ಹುಲಸೂರಿನ ವ್ಯಾಪಾರಿಯೊಬ್ಬರು ನುಗ್ಗಿ ಬಂದರು.

"ಟವೆಲ್ ಹಾಕೀನ್ರಿ, ಜಾಗಾ ನಂದದ."

ಹಿಂದಿನ ಸೀಟಿನ ಅಜ್ಜಿ ಬಿಡಲಿಲ್ಲ. "ಟವೆಲ್ ಬಿದ್ದದ್ದು ಚಿತ್ರದ ಮ್ಯಾಲರಿ. ಅಂದ್ರ ಜಾಗಾ ಚಿತ್ರದ್ದ!"

ಬಸ್ಸಿಗೆ ಬಸ್ಸೇ "ಹೌದ್ರಿ" ಎಂದಿತು. ವ್ಯಾಪಾರಿ ಟವೆಲ್ ಎತ್ತಿಕೊಂಡು ಚಿತ್ರವನ್ನೇ ದಿಟ್ಟಿಸಿದರು.

"ಇದೇನ್ರಿ?"

"ಬರೇ ಬಣ್ಣರಿ."

"ಖರೆ. ಆದ್ರ ಕಣ್ಣ ಕೀಳಾಕ ಆಗವಲ್ದು ನೋಡ್ರಿ."

ಈಗಲೂ ಅವರು ನಿಂತೇ ಇದ್ದಾರೆ, ಒಂದು ಕೈ ಕಂಬಿಗೆ, ಇನ್ನೊಂದು ಚೌಕಟ್ಟಿಗೆ. ದಾರಿಯಲ್ಲಿ ಹತ್ತಿದ ಹೆಂಗಸೊಬ್ಬರು ಕಿಟಕಿಯ ಸೀಟಿಗೆ ಬಂದಾಗ, ಚಿತ್ರದತ್ತ ಗದ್ದವೆತ್ತಿ ತೋರಿಸಿ ವ್ಯಾಪಾರಿಯೇ ತಡೆದರು.

"ಮುಂದ ನಡೀರಿ ಅಕ್ಕಾರ. ಇಲ್ಲಿ ಇವ್ರು ಕುಂತಾರ."