ವರ್ಷತೊಡಕಿನ ಗ್ಲಾಸು, ಎರಡು ನಿಮಿಷದ ಹಾಡು

ಹದಿನಾಲ್ಕು ತಿಂಗಳು ಒಂದು ತೊಟ್ಟೂ ಮುಟ್ಟದಿದ್ದ ನಾನು ಹೋದ ವರ್ಷ ಯುಗಾದಿಯ ಮಾರನೆಯ ದಿನ ಮತ್ತೆ ಕುಡಿದೆ. ಅಂದು ನಮ್ಮ ಕಡೆ ವರ್ಷತೊಡಕು. ಮನೆಮನೆಯಲ್ಲೂ ಬಾಡೂಟ, ಮಾವಿನ ತೋಪಿನಲ್ಲಿ ಇಸ್ಪೀಟು, ಬಾಟಲಿ. ನೆಂಟರೊಬ್ಬರು ಗ್ಲಾಸು ಕೊಟ್ಟರು, ನಾನು ಬೇಡ ಎನ್ನಲಿಲ್ಲ. ಅವರನ್ನು ದೂರುವುದಿಲ್ಲ, ಎತ್ತಿದ ಕೈ ನನ್ನದೇ.

ನಿಜವಾದ ಹುಚ್ಚುತನ ಶುರುವಾದದ್ದು ಮರುದಿನ. ವರ್ಷತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ಆಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅಂದು ಮಕ್ಕಳಿಗೂ ಯಾರೂ ಹೊಡೆಯುವುದಿಲ್ಲ. ಕುಡಿದಾಯಿತಲ್ಲ, ಮುಂದಿನ ಯುಗಾದಿಯವರೆಗೆ ನನ್ನ ಹಣೆಬರಹ ಇಷ್ಟೇ ಎಂದು ನಾನೇ ತೀರ್ಪು ಕೊಟ್ಟುಕೊಂಡು ಮೂರು ವಾರ ಕುಡಿದೆ. ಡೇರಿಯಲ್ಲಿ ಹಾಲು ಅಳೆಯುವ ನನ್ನ ಕೆಲಸಕ್ಕೆ ಹೆಂಡತಿಯೇ ಹೋಗಿ ನಿಂತಳು.

"ಇನ್ನೊಂದು ವಾರ ನೋಡ್ತೀನಿ. ಆಮೇಕೆ ಮಗೀನ್ ಕರ್ಕಂಡು ತವ್ರಿಗೆ ಒಂಟೋಯ್ತೀನಿ" ಎಂದಳು. ಬ್ಯಾಗೂ ಕಟ್ಟಿಟ್ಟಳು.

ನನ್ನದೊಂದು ಪಂಕ್ ರಾಕ್ ಬ್ಯಾಂಡಿದೆ. ನಮ್ಮೂರಿನವರು ಅದನ್ನು ಜಗಳ ಎಂದು ಕರೆಯುತ್ತಾರೆ. ಇರುವುದು ಇಬ್ಬರೇ. ನಾನು ಗಿಟಾರು ಬಾರಿಸುತ್ತಾ ಕಿರುಚುತ್ತೇನೆ. ಡ್ರಮ್ಮು ಬಾರಿಸುವ ನನ್ನ ಮುಸಲ್ಮಾನ ಗೆಳೆಯ ಕೆ.ಆರ್. ಪೇಟೆಯ ತನ್ನ ಶೆಡ್ಡಿನಲ್ಲಿ ಹಗಲೆಲ್ಲ ಲಾರಿಯ ತಗಡು ಬಡಿಯುತ್ತಾನೆ. ಕುಡಿತ ಬಿಟ್ಟೆ ಎಂದು ನಾನು ಜಂಬದಿಂದ ಬರೆದಿದ್ದ ಹಾಡನ್ನು ಆ ವಾರ ರೆಕಾರ್ಡ್ ಮಾಡಬೇಕಿತ್ತು. ನಾನು ಮೊದಲ ಸಾಲು ಹಾಡಿದ್ದೇ ತಡ, ಅವನು ಕೋಲು ಕೆಳಗಿಟ್ಟ.

"ಸುಳ್ಳಿಗೆ ನಾನು ಬಡಿಯಾಕಿಲ್ಲ ಕಣ್ಲಾ. ಬಾಯ್ ವಾಸ್ನೆ ಇಲ್ಲಿಗಂಟ ಬತ್ತಾದೆ."

ವರ್ಷತೊಡಕಿನ ಕಥೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅರೆ, ನಮ್ ವರ್ಸ ಸುರುವಾಗದೇ ಬ್ಯಾರೆ ದಿನ ಕಣ್ಲಾ. ನಿಂದು ಕೆಟ್ಟೋಗಿದ್ರೆ ನಮ್ ವರ್ಸದೊಳೀಕೆ ಬಂದ್ಬುಡು. ಇಲ್ಲಾ, ಇವತ್ತೇ ಒಸ ವರ್ಸ ಅಂದ್ಕೋ. ಯಾವನ್ ಕೇಳ್ತಾನೆ?"

ನಗುತ್ತಾ ಅತ್ತುಬಿಟ್ಟೆ. ಬಿಚ್ಚಿಟ್ಟ ಲಾರಿ ಬಾಗಿಲ ಮೇಲೆ ಹಾಳೆ ಹರಡಿ ಹಾಡನ್ನು ಹೊಸದಾಗಿ ಬರೆದೆ. "ಕುಡ್ದೆ ಕಣಮ್ಮಿ, ಮತ್ತೆ ಕುಡ್ದೆ. ಬಿದ್ದೆ ಕಣಮ್ಮಿ, ಎದ್ದೆ, ಎದ್ದೆ." ಎರಡೇ ನಿಮಿಷ, ಗಿಟಾರಿನಲ್ಲಿ ಮೂರೇ ಕಾರ್ಡು. ಫೋನಿನಲ್ಲೇ ರೆಕಾರ್ಡ್ ಮಾಡಿದೆವು. ಪಕ್ಕದ ಶೆಡ್ಡಿನ ಸುತ್ತಿಗೆ ಸದ್ದೂ ಅದರಲ್ಲಿದೆ.

ಮೊದಲು ಹೆಂಡತಿಗೆ ಕೇಳಿಸಿದೆ.

"ಅದೇನ್ ಕಿರುಚ್ತೀಯೋ! ಆದ್ರೂ ದಿಟ ಏಳಿದ್ದೀಯ" ಎಂದಳು. ಆದರೆ ಆ ಬ್ಯಾಗು ಅಟ್ಟ ಸೇರಲು ಮತ್ತೆರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ನಾನು ಒಂದು ಹನಿ ಮುಟ್ಟಲಿಲ್ಲ.

ಹಾಡು ಫೋನಿಂದ ಫೋನಿಗೆ ಹೋಯಿತು. ನಾಗಮಂಗಲದ ಬಸ್ಸಿನಲ್ಲಿ ನನ್ನದೇ ಕಿರುಚಾಟ ಕೇಳಿ ಕುಳಿತಲ್ಲೇ ಬೆವೆತೆ. ಆಮೇಲೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಈ ವರ್ಷತೊಡಕಿಗೆ ಅದೇ ತೋಪಿನಲ್ಲಿ, ಮಟಮಟ ಮಧ್ಯಾಹ್ನ ಹಾಡಲು ನಿಂತೆವು. ಅದೇ ನೆಂಟರು ಗ್ಲಾಸು ಹಿಡಿದು ಬಂದರು. ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಬ್ಯಾಡ ಮಾವ. ಇವತ್ತು ಮಾಡಿದ್ದೇ ವರ್ಸೆಲ್ಲ" ಎಂದೆ.

ಗೆಳೆಯ ಡ್ರಮ್ಮಿಗೆ ಬಡಿದ. "ಬಿದ್ದೆ ಕಣಮ್ಮಿ" ಎಂದು ಕಿರುಚಿ ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲನ್ನು ಅವಳೇ ಕೂಗಿದಳು, ಇಡೀ ತೋಪಿಗೆ ಕೇಳುವಂತೆ:

"ಎದ್ದ ಕಣ್ರೋ, ಎದ್ದ, ಎದ್ದ!"