ಸಂದು ಬಿಡದ ಕಿಟಕಿಗಳು

ಬೈಂದೂರಿನ ನಮ್ಮ ಹೋಟೆಲಿನ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟಾಣಿ ರೈಲ್ವೆ ಸ್ಟೇಷನ್ ಇದೆ. ಮಾಡಿದವನು ನನ್ನ ಸೋದರಮಾವ ಅಣ್ಣಯ್ಯ. ನೋಡಿದವರೆಲ್ಲ ಅದರ ಒಂದು ಕಿಟಕಿಯನ್ನು ಹೊಗಳುತ್ತಾರೆ. ನನಗಂತೂ ಅತ್ತ ತಿರುಗಿ ನೋಡಲು ಮನಸ್ಸಾಗುವುದಿಲ್ಲ.

ಮಾವ ಹಂಗಾರಕಟ್ಟೆಯಲ್ಲಿ ನಲವತ್ತು ವರ್ಷ ಮರದ ದೋಣಿ ಕಟ್ಟಿದವನು. ಫೈಬರ್ ದೋಣಿ ಬಂದ ಮೇಲೆ ಹೊಸ ಕೆಲಸ ನಿಂತಿತು. ವರ್ಷಕ್ಕೊಮ್ಮೆ ಮೀನುಗಾರ ಬಚ್ಚ ಮಾತ್ರ ಕರೆಯುತ್ತಿದ್ದ, ತನ್ನ ಹಳೆಯ ದೋಣಿಯ ಹಲಗೆಗಳ ಸಂದಿಗೆ ನೀರು ನುಗ್ಗದಂತೆ ಹತ್ತಿ ತುರುಕಿ ಎಣ್ಣೆ ಬಳಿಯಲು. ಆ ಒಂದು ಕರೆಗಾಗಿ ಮಾವ ವರ್ಷವಿಡೀ ಕಾಯುತ್ತಿದ್ದ. ೨೦೧೨ರಲ್ಲಿ ಅವನ ಬೆರಳು ನಡುಗತೊಡಗಿತು. ಈ ಸಲ ಬಚ್ಚ ಕರೆದರೆ ಹೋಗಲಾದೀತೇ ಎಂಬ ಹೆದರಿಕೆ ಹಿಡಿಯಿತು. ಕೈ ಇನ್ನೂ ಗಟ್ಟಿಯಿದೆ ಎಂದು ತನಗೇ ತೋರಿಸಿಕೊಳ್ಳಲು, ನಮ್ಮ ಹೋಟೆಲಿನ ಧಣಿ ಶೇಖರ ಶೆಟ್ಟರು ಹೇಳಿದ ಈ ಸ್ಟೇಷನ್ ಕೆಲಸ ಒಪ್ಪಿಕೊಂಡ.

ಕಿಟಕಿಗಳು ಹೆಬ್ಬೆರಳಿನ ಉಗುರಿನಷ್ಟು. ಸರಳುಗಳಿಗೆ ಅಂಟಿನಲ್ಲಿ ಅದ್ದಿದ ಹೊಲಿಗೆ ನೂಲು, ಗಾಜಿಗೆ ಷರ್ಟಿನ ಡಬ್ಬಿಯ ಪ್ಲಾಸ್ಟಿಕ್. ಕುಂದಾಪುರದಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿಟ್ಟುಕೊಂಡು ನಾನೇ ಅದನ್ನು ಹೋಟೆಲಿಗೆ ತಂದೆ. ಶೆಟ್ಟರು ಬಗ್ಗಿ ನೋಡಿ, "ಇದ್ ಗೊಂಬಿ ಮನಿ ಮಾರಾಯ" ಎಂದರು. ಮತ್ತೆ ಅದೇ ಎರಡು ಬಸ್ಸು. ಎರಡನೆಯ ಸಲವೂ ಅದೇ ಮಾತು. ನನಗೆ ಧಣಿಯ ಮೇಲೂ ಸಿಟ್ಟು, ಮಾವನ ಮೇಲೂ ಸಿಟ್ಟು.

ಮಾವ ನಿಜವಾದ ಸ್ಟೇಷನ್ನಿಗೆ ಹೋಗಿ ಇಡೀ ದಿನ ಬೆಂಚಿನ ಮೇಲೆ ಕೂತು ಬಂದ. ಅಲ್ಲಿ ಒಂದು ಬಾಗಿಲೂ ಸರಿಯಾಗಿ ಕೂರುವುದಿಲ್ಲವಂತೆ, ಒಂದಕ್ಕೆ ಕಲ್ಲು ಒತ್ತು ಕೊಟ್ಟಿದ್ದಾರಂತೆ. ತನ್ನ ಕಿಟಕಿಗಳು ದೋಣಿಯ ಹಲಗೆಯಂತೆ ಸಂದಿಲ್ಲದೆ ಕೂತಿವೆ, ತಪ್ಪು ಅಲ್ಲೇ ಎಂದು ಅವನಿಗೆ ತಿಳಿಯಿತು. ಆದರೆ ಸಾಯಂಕಾಲ ಬೇಕೆಂದೇ ಬಿಟ್ಟ ಸಂದನ್ನು ಬೆಳಿಗ್ಗೆ ಎದ್ದವನೇ ಮರದ ಹುಡಿ, ಅಂಟು ಕಲಸಿ ಮುಚ್ಚಿಬಿಡುತ್ತಿದ್ದ. ಸ್ಟೇಷನ್ನಿಗೇನು ಸಮುದ್ರ ನುಗ್ಗುತ್ತದೆಯೇ ಎಂದು ಮಾವನ ಹೆಂಡತಿ ಜಲಜತ್ತೆ ಬೈದಳು. ಬೈಗುಳ ಕೇಳುತ್ತಲೇ ಮುಚ್ಚಿದ.

ಮೂರನೆಯ ಸಲ ತಂದಾಗ ಟಿಕೆಟ್ ಕೌಂಟರಿನ ಪಕ್ಕದ ಕಿಟಕಿಯ ಬಾಗಿಲು ಸೊಟ್ಟಗೆ, ಅರೆ ತೆರೆದು ನಿಂತಿತ್ತು. ಶೆಟ್ಟರು ಅದರ ಮೇಲೆ ಬೆರಳಿಟ್ಟರು. "ಈಗ ಕಾಣ್, ಇದ್ ನಿಜದ್ ಕಿಟಕಿ." ಉಳಿದವನ್ನು ಅವರು ನೋಡಲೂ ಇಲ್ಲ.

ಸಂತೋಷದ ಸುದ್ದಿಯೆಂದು ಹಂಗಾರಕಟ್ಟೆಗೆ ಓಡಿದೆ. ಯಾವ ಕಿಟಕಿ ಎಂದು ಮಾವ ಕೇಳಿದ. ಹೇಳಿದೆ. ಅವನು ಕೈಗಳನ್ನು ಪಂಚೆಯೊಳಗೆ ಸೇರಿಸಿಕೊಂಡ. ಅದು ಬೇಕೆಂದು ಮಾಡಿದ್ದಲ್ಲವಂತೆ, ಅಂಟಿಸುವಾಗ ಬೆರಳು ನಡುಗಿ ಜಾರಿದ್ದು. ಕಿತ್ತು ಕೂರಿಸಲು ನೋಡಿದನಂತೆ, ಆಗಲಿಲ್ಲವಂತೆ. ನನಗೆ ಯಾಕಾದರೂ ಬಂದೆನೋ ಅನಿಸಿತು.

ಆ ವಾರವೇ ಬಚ್ಚ ಅಂಗಳಕ್ಕೆ ಬಂದು, ದೋಣಿಯನ್ನು ದಡಕ್ಕೆ ಎಳೆದಿದ್ದೇವೆ, ನಾಳೆ ಬರಬೇಕು ಎಂದ. ಮಾವ ಒಳಗಿನಿಂದ ಹತ್ತಿಯ ಗಂಟು ತಂದು ಅವನ ಕೈಗೆ ಕೊಟ್ಟ.

"ನಾ ಬತ್ತಿಲ್ಲ ಬಚ್ಚ. ನನ್ ಕೈ ಈಗ ಸಂದ್ ಬಿಡತ್ತ್. ದೋಣಿ ಒಳ್ಗ್ ಜನ ಇರ್ತ್ರ್."