ಜಗನ್ನಾಥನ ಎಲೆ

ತೊಂಬತ್ತೊಂಬತ್ತರ ರಾಜ್ಯೋತ್ಸವಕ್ಕೆ ದೊಮ್ಮಲೂರಿನ ನಮ್ಮ ಬೀದಿಯ ಸಂಘದವರು ಒಂದು ಗಂಧದ ಹಾರ ತರಿಸಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ವಿಮಾನದ ಸಮೇತ ಕಾಣೆಯಾದ ಜಗನ್ನಾಥನ ಫೋಟೋಗೆ ಅವನ ತಾಯಿ ಬೈರಮ್ಮನವರಿಂದಲೇ ಅದನ್ನು ಹಾಕಿಸುವುದೆಂದು ಏರ್ಪಾಡು. ಬೈರಮ್ಮ ವೇದಿಕೆ ಹತ್ತಿದರು, ಹಾರ ತೆಗೆದುಕೊಂಡರು, ಫೋಟೋ ನೋಡಿದರು, ಪಕ್ಕದಲ್ಲಿ ಕೂತಿದ್ದ ಕಾರ್ಪೊರೇಟರ ಕೊರಳಿಗೆ ಹಾಕಿಬಿಟ್ಟರು. ಕಾರ್ಪೊರೇಟರು ಅಭ್ಯಾಸಬಲದಿಂದ ತಲೆ ಬಗ್ಗಿಸಿ ಕೈ ಮುಗಿದರು. ಅಷ್ಟರಲ್ಲಿ ಮೈಕಿನವನು "ಅಮರ್ ರಹೇ" ಎಂದು ಕೂಗಿಯಾಗಿತ್ತು.

ಹಾರಿದವನಿಗೆ ಹಾರ ತಪ್ಪಿತು ಎಂದು ಬೀದಿ ನಕ್ಕಿತು. ಬೈರಮ್ಮ ನಗಲಿಲ್ಲ.

"ಸತ್ತೋರ ಫೋಟೋಗೆ ಹಾಕೋದಲ್ವಾ ಅದು? ನನ್ ಮಗ ಸತ್ತ ಅಂತ ನಿಮಗ್ಯಾರು ಹೇಳಿದ್ದು?"

ವಿಮಾನ ನಿಲ್ದಾಣದ ಬೇಲಿಗಂಟಿದ್ದ ಅವರ ರಾಗಿ ಹೊಲದಲ್ಲಿ ಕಳೆ ಕೀಳಲು ಕಳಿಸಿದರೆ ಜಗನ್ನಾಥ ಆಕಾಶ ನೋಡುತ್ತ ಕೂರುತ್ತಿದ್ದನಂತೆ. ಹೊಲ ಲೇಔಟಾಯಿತು, ಹುಡುಗ ಪೈಲಟಾದ. ಯುದ್ಧದ ಒಂದು ರಾತ್ರಿ ಏನೋ ಗುಟ್ಟಿನ ಕೆಲಸಕ್ಕೆಂದು ಹೋದವನು ಮರಳಲಿಲ್ಲ. ಮನೆಗೆ ಬಂದ ಅಧಿಕಾರಿ "ಮಿಸ್ಸಿಂಗ್" ಎಂದರು. ಎಲ್ಲಿ, ಹೇಗೆ ಎಂದರೆ ಹೇಳುವ ಹಾಗಿಲ್ಲ ಎಂದರು. ಎಮ್ಮೆ ತಪ್ಪಿಸಿಕೊಂಡರೂ ಯಾವ ದಿಕ್ಕಿಗೆ ಹೋಯಿತೆಂದು ಹೇಳುವವರು ಸಿಗುತ್ತಾರೆ ಎಂದು ಬೈರಮ್ಮ ಈಗಲೂ ಗೊಣಗುತ್ತಿದ್ದರು.

ಅವರ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಸಾಲಾಗಿ ಬಾಳೆಲೆ, ಒಂದೊಂದರಲ್ಲೂ ಅವರವರಿಗೆ ಪ್ರಿಯವಾದದ್ದು. ಮಾವನಿಗೆ ಸಾರಾಯಿ, ಗಂಡ ಮುನಿವೆಂಕಟಪ್ಪನಿಗೆ ಬೀಡಿಕಟ್ಟು. ಮಗನಿಗೆ ಮಾತ್ರ ಎಲೆಯಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಕೈಯಾರೆ ಕೊಂದಂತೆ. ಸತ್ತವನಿಗೆ ಇಡದಿದ್ದರೆ ಅವನು ಹಸಿದುಕೊಂಡು ಹೊಸಿಲಾಚೆ ನಿಂತಿರುತ್ತಾನೆ. ಅಷ್ಟೂ ವರ್ಷ ಬೈರಮ್ಮ ಒದ್ದಾಡಿದ್ದು ಇದರಲ್ಲೇ. "ನೀನು ಹೋದ್ಮೇಲೆ ಅಣ್ಣನಿಗೆ ನಾನೇನ್ ಮಾಡ್ಲಿ, ಈಗ್ಲೇ ಹೇಳ್ಬಿಡಮ್ಮ" ಎಂದದ್ದಕ್ಕೆ ಮಗಳು ಹಂಸಳ ಜೊತೆ ಮಾತು ಬಿಟ್ಟಿದ್ದರು.

ಹಾರದ ಸುದ್ದಿ ಸುತ್ತಾಡಿ ಇಂದಿರಾನಗರದ ಭಗವಂತರಾಯರ ಕಿವಿಗೂ ಬಿತ್ತು. ಕಲಬುರ್ಗಿ ಕಡೆಯವರು, ವಾಯುಪಡೆಯಲ್ಲಿದ್ದವರು. ಮನೆ ಹುಡುಕಿಕೊಂಡು ಬಂದರು.

"ಅವತ್ತು ರನ್‌ವೇ ದೀಪದ ಡ್ಯೂಟಿ ನಂದೇ ಇತ್ರಿ ಅವ್ವಾ. ಎರಡು ವಿಮಾನ ಹೋದ್ವು, ಒಂದು ಬಂತು. ಬಂದಾಂವ ಇನ್ನೊಂದು ಉರಿದು ಬಿದ್ದದ್ದು ಕಣ್ಣಾರೆ ನೋಡಿದ್ದ. ಹೊರಗ ಹೇಳಬಾರದು ಅಂತ ಆರ್ಡರ್ ಇತ್ರಿ."

"ಈಗ ಹೇಳ್ಬೋದಾ?"

"ಈಗ ರಿಟೈರ್ ಆಗೀನ್ರಿ."

"ನೀವಾದ್ರಿ. ನಾನಿನ್ನೂ ಡ್ಯೂಟೀಲೇ ಇದೀನಪ್ಪ" ಎಂದು ಕಾಫಿ ತರಲು ಎದ್ದ ಬೈರಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಕೊನೆಗೆ ಕಾಫಿ ತಂದವಳು ಹಂಸ.

ಮುಂದಿನ ಮಹಾಲಯಕ್ಕೆ ಸಾಲಿನ ಕೊನೆಗೆ ಇನ್ನೊಂದು ಎಲೆ ಬಿತ್ತು. ಜಗನ್ನಾಥನಿಗೆಂದು ಕೋಳಿಸಾರು, ಮುದ್ದೆ. ಎಡೆಯ ಅಡುಗೆಯನ್ನು ಮೊದಲೇ ಬಾಯಿಗಿಟ್ಟು ನೋಡುವಂತಿಲ್ಲ. ಬಡಿಸಿ, ಬಾಗಿಲು ಮುಂದೆ ಮಾಡಿ, ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಎಲ್ಲರೂ ಅಂಗಳದಲ್ಲಿ ನಿಂತರು. ಪಕ್ಕದ ಮನೆಯವನೆಂದು ನಾನೂ ನಿಂತಿದ್ದೆ. ತಲೆಯ ಮೇಲೆ ವಿಮಾನವೊಂದು ಇಳಿಯಲು ಬಂತು. ಬೈರಮ್ಮ ಕತ್ತೆತ್ತಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

ಆಮೇಲೆ ಊಟಕ್ಕೆ ಕೂತೆವು. ಮೊದಲ ತುತ್ತಿಗೇ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸಿದೆವು. ಹಂಸ ತಾಯಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ಅಮ್ಮ, ಅಣ್ಣ ಬಂದು ಉಂಡ ಅನ್ಸುತ್ತಾ ನಿಂಗೆ?"

ಬೈರಮ್ಮ ಮುದ್ದೆ ಮುರಿದು ಸಾರಿಗದ್ದಿ ನುಂಗಿದರು.

"ಸಾರಿಗೆ ಉಪ್ಪೇ ಹಾಕಿಲ್ಲ ಕಣೆ. ಬಂದಿದ್ರೆ ಬೈದಿರೋನು."